ಅಣ್ಣಮ್ಮ ಹೇಳಿಕೊಂಡು ಅತ್ತದ್ದು

ಸಾವಿನ ಮನೆಯಲ್ಲಿ ಅಳುವುದು ಎಲ್ಲರಿಗೂ ಬರುತ್ತದೆ. ಹೇಳಿಕೊಂಡು ಅಳುವುದು ಎಲ್ಲರಿಗೂ ಬರುವುದಿಲ್ಲ. ಗವಿಬೋರೆ ಕೊಪ್ಪಲಿನಲ್ಲಿ ಅದು ಬರುತ್ತಿದ್ದದ್ದು ಅಣ್ಣಮ್ಮನಿಗೆ. ಚಿನಕುರಳಿಯಿಂದ ಈಚೆಗೆ, ಪಾಂಡವಪುರದ ಬಸ್ಸು ಮನಸ್ಸು ಬಂದರೆ ನಿಲ್ಲುವ, ಬರದಿದ್ದರೆ ಧೂಳೆಬ್ಬಿಸಿಕೊಂಡು ಹೋಗಿಬಿಡುವ ಊರು ಅದು. ಅಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ನೆಂಟರಿಗೆ ಫೋನು ಮಾಡುವುದಕ್ಕೂ ಮುಂಚೆ ಒಬ್ಬರು ಅಣ್ಣಮ್ಮನ ಮನೆಗೆ ಓಡುತ್ತಿದ್ದರು. ಅವಳು ಕೈಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು, ಸೆರಗು ಬಿಗಿದುಕೊಂಡು ಹೋಗಿ ಹೆಣದ ತಲೆಯ ಬಳಿ ಕೂತು, ಒಂದು ಸಲ ಉಸಿರೆಳೆದು ಶುರು ಮಾಡಿದಳೆಂದರೆ, ಅಯ್ಯೋ ಶಿವನೇ, ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪು ಮಾರುವವನೂ ಗಾಡಿ ನಿಲ್ಲಿಸಿ ಕಣ್ಣೊರೆಸಿಕೊಳ್ಳಬೇಕು.

ಹೇಳಿಕೊಂಡು ಅಳುವುದೆಂದರೆ ಸತ್ತವರ ಬಾಳನ್ನು ಹುಟ್ಟಿದಲ್ಲಿಂದ ಹಿಡಿದು ಸತ್ತಲ್ಲಿಯವರೆಗೆ ರಾಗವಾಗಿ ಹೇಳುವುದು. ಏನು ಉಂಡರು, ಏನು ಉಟ್ಟರು, ಯಾರು ನೋಯಿಸಿದರು, ಕೊನೆಗೆ ಹೇಗೆ ಹೋದರು, ಎಲ್ಲ. ಸುತ್ತ ಕೂತ ಹೆಂಗಸರು ಸಾಲಿನ ಕೊನೆಯನ್ನು ಹಿಡಿದು ಸೊಲ್ಲು ಕೊಡುತ್ತಾರೆ. ಅದಕ್ಕೆ ಊರಿನದೇ ಒಂದು ಕಟ್ಟುಪಾಡು ಇತ್ತು. ಹೆಣದ ಮುಂದೆ ಹೇಳುತ್ತಿರುವವಳನ್ನು ನಡುವೆ ಬಾಯಿ ಹಾಕಿ ಯಾರೂ ತಡೆಯುವಂತಿಲ್ಲ, ಪಟೇಲನಾದರೂ ಸೈ. ಹಾಗೆಯೇ, ಒಂದು ಸಲ ಹೆಣದ ಮುಂದೆ ಹೇಳಿದ್ದನ್ನು ಆಮೇಲೆ ಅವಳೂ ಇಲ್ಲ ಅನ್ನುವಂತಿಲ್ಲ. ಹೇಳಿದ್ದು ಹೇಳಿದ್ದೇ. ಈ ಎರಡನೆಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ.

ಮರಿಯಯ್ಯ ಅನ್ನುವ ಮಹಾ ಜಿಪುಣ ಸತ್ತಾಗ ಅಣ್ಣಮ್ಮ, "ಕಾಪಿಗೆ ಬೆಲ್ಲ ಚಿವುಟಿ ಚಿವುಟಿ ಆಕುಸ್ತಿದ್ಯಲ್ಲೋ ನಮ್ಮಪ್ಪಾ, ಅಲ್ಲಿ ಯಾರಪ್ಪಾ ನಿಂಗೆ ಬೆಲ್ಲ ಕೊಡೋರು" ಎಂದು ರಾಗ ತೆಗೆದಳು. ಮರಿಯಯ್ಯನ ಹೆಂಡತಿಯೇ ಅಳುವಿನ ನಡುವೆ ಕಿಸಕ್ಕನೆ ನಕ್ಕು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಪ್ರಮೀಳಾ ಅನ್ನುವ ಚಿಕ್ಕ ಪ್ರಾಯದ ಸೊಸೆ ಬಾವಿಯಲ್ಲಿ ಸತ್ತು ತೇಲಿದಾಗ ಗಂಡನ ಮನೆಯವರು ಕಾಲು ಜಾರಿತು ಅಂದರು. ಹೆಣಕ್ಕೆ ನೀರು ಹಾಕಿದವಳು ಅಣ್ಣಮ್ಮ. "ಕಾಲು ಜಾರಿದೋಳ ಬೆನ್ನಲ್ಲಿ ಬಾಸುಂಡೆ ಎಲ್ಲಿಂದ ಬಂತವ್ವಾ, ಬಾವಿ ನೀರೇನು ಬಾರುಕೋಲು ಇಡ್ಕಂಡಿತ್ತಾ ನನ್ನವ್ವಾ" ಎಂದು ಅವಳು ಹೇಳಿದಾಗ ಅಂಗಳದಲ್ಲಿ ಕೂತಿದ್ದ ಗಂಡ ಕತ್ತು ಎತ್ತಲಿಲ್ಲ. ಅಷ್ಟೇ ಸಾಕಾಯಿತು. ಊರಿನ ಹಿರಿಯರು ಅರಳಿಕಟ್ಟೆಯಲ್ಲಿ ಸೇರಿ, ಅವಳ ಅಳುವನ್ನೇ ಸಾಕ್ಷಿ ಎಂದು ಹಿಡಿದು, ಆ ಮನೆಯವರನ್ನು ಪ್ರಮೀಳಾಳ ಅಪ್ಪ ಅಮ್ಮನ ಕಾಲ ಮೇಲೆ ಬೀಳಿಸಿದರು. ಬದುಕಿದ್ದಾಗ ಆ ಹುಡುಗಿಯ ಪರವಾಗಿ ಒಂದು ನರಪಿಳ್ಳೆಯೂ ಬಾಯಿ ಬಿಟ್ಟಿರಲಿಲ್ಲ ಅನ್ನುವುದು ಬೇರೆ ಮಾತು.

ಆಮೇಲೆ ಬಂದರು ಯಜಮಾನರು. ಅವರಿಗೂ ಹೆತ್ತವರು ಇಟ್ಟ ಹೆಸರೊಂದು ಇದೆ. ಕೊಪ್ಪಲಿನಲ್ಲಿ ಯಾರೂ ಅದನ್ನು ಹೇಳುವುದಿಲ್ಲ, ನಾನೊಬ್ಬ ಹೇಳಿ ಯಾವ ಸುಖಕ್ಕೆ? ಯಜಮಾನರು ಅಂದರೆ ಸಾಕು, ನಾಯಿಗಳಿಗೂ ಗೊತ್ತಾಗುತ್ತದೆ. ಊರ ಹಿಂದಿನ ಕಲ್ಲುಗುಡ್ಡ ಗವಿಬೋರೆಯನ್ನು ಗುತ್ತಿಗೆಗೆ ಹಿಡಿದು ಕಲ್ಲು ಒಡೆಸಲು ಶುರು ಮಾಡಿದರು. ಬೋರೆಯ ನೆತ್ತಿಯ ಗವಿಯಲ್ಲಿದ್ದ ಬಸಪ್ಪನನ್ನು ಕೆಳಗಿಳಿಸಿ ಗ್ರಾನೈಟಿನ ಗುಡಿ ಕಟ್ಟಿಸಿಕೊಟ್ಟರು; ಬಸಪ್ಪನೂ ಮಾತಾಡಲಿಲ್ಲ. ಮದ್ದು ಸಿಡಿಸಿದಾಗಲೆಲ್ಲ ಅಟ್ಟದ ಪಾತ್ರೆ ಕೆಳಕ್ಕೆ ಉರುಳುತ್ತಿತ್ತು, ಗೋಡೆಗಳು ಬಾಯಿ ಬಿಡುತ್ತಿದ್ದವು, ಒಣಹಾಕಿದ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಜನ ಬಯ್ದರು. ಬಯ್ಯದೆ ಏನು ಮಾಡಿಯಾರು?

ಯಜಮಾನರು ಹೊಡೆಯಲಿಲ್ಲ, ಬಡಿಯಲಿಲ್ಲ. ಅವರ ಕಡೆಯ ಮೇಸ್ತ್ರಿ ನರಸಯ್ಯ ಒಂದು ದಿನ ಹಾಲಿನ ಡೈರಿಯ ಜಗಲಿಯಲ್ಲಿ ನಿಂತು, ನಗುನಗುತ್ತಲೇ ಹೇಳಿದ. "ನೋಡ್ರಪ್ಪ, ಮದ್ದು ಸಿಡಿಸ್ತಾವ್ರೆ, ಬಾಂಬ್ ಇಕ್ತಾವ್ರೆ ಅಂತ ನೀವು ಅಂದಂಗೆಲ್ಲಾ ಮೇಲಿನೋರ ಕಿವಿಗೆ ಬೀಳ್ತದೆ. ಕೆಲ್ಸ ನಿಂತೋದ್ರೆ ನಿಮ್ಮ ಮಕ್ಳೇ ಮನೇಲಿ ಕುಂತ್ಕಬೇಕು. ಗುಡುಗು ಅನ್ನಿ. ಏನ್ ಗಂಟೋಯ್ತದೆ?"

ಜನಕ್ಕೆ ನಗು ಬಂತು. ಮೊದಮೊದಲು ಅದನ್ನು ಗೇಲಿಗೇ ಅಂದರು. "ಏನ್ಲಾ, ಈವತ್ತು ಗುಡುಗು ಜೋರಾಗದೆ, ಕೊಡೆ ತತ್ತಾ" ಎಂದು ಸುಡುಬಿಸಿಲಿನಲ್ಲಿ ಟೀ ಅಂಗಡಿಯಲ್ಲಿ ಒಬ್ಬರಿಗೊಬ್ಬರು ಅಂದುಕೊಂಡು ತೊಡೆ ತಟ್ಟಿ ನಕ್ಕರು. ಧೂಳಿಗೆ ಮಂಜು ಅಂದರು. ಗೋಡೆ ಬಿರಿದರೆ "ಹಳೇ ಗೋಡೆ ಕಣಪ್ಪ" ಅಂದರು, ಹೋದ ವರ್ಷ ಕಟ್ಟಿದ ಗೋಡೆಗೂ. ಕಾಲ ಕಳೆದಂತೆ ನಗು ಹೋಯಿತು, ಮಾತು ಉಳಿಯಿತು. ಅಂಗನವಾಡಿಯ ಮಕ್ಕಳಿಗಂತೂ ಗುಡುಗು ಅಂದರೆ ಬೋರೆಯ ಕಡೆಯಿಂದ ಬರುವುದು ಅಂತಲೇ ಗೊತ್ತು.

ನಗದೆ ಉಳಿದವನು ಹೊನ್ನಪ್ಪ ಒಬ್ಬ. ಒಂಟಿ ಮುದುಕ, ಮೂಗಿನ ತುದಿಯಲ್ಲೇ ಕೋಪ. "ಗುಡುಗಂತೆ ಗುಡುಗು! ನಿಮ್ಮಜ್ಜಿ ತಲೆ. ಸಿಡಿಮದ್ದು ಕಣ್ರಲಾ ಅದು" ಎಂದು ಎಲ್ಲರೆದುರಿಗೇ ಅಂದುಬಿಟ್ಟ. ಆ ಸಂಜೆ ಡೈರಿಯಲ್ಲಿ ಅವನ ಹಾಲಿಗೆ ಡಿಗ್ರಿ ಬರಲಿಲ್ಲ. "ನೀರು ಬೆರ್ಸಿದ್ದೀಯ ಅಂತ ತೋರಿಸ್ತಾ ಅದೆ ಕಣಯ್ಯ, ನಾನೇನ್ ಮಾಡ್ಲಿ" ಎಂದು ಹಾಲು ಅಳೆಯುವವನು ಕ್ಯಾನು ವಾಪಸು ಕೊಟ್ಟ. ಮಾರನೆಯ ಬೆಳಿಗ್ಗೆಯೂ ಬರಲಿಲ್ಲ, ಸಂಜೆಯೂ ಬರಲಿಲ್ಲ. ಹಸು ಅದೇ, ಹುಲ್ಲು ಅದೇ, ಕರೆಯುವ ಕೈ ಅದೇ. ಹೊನ್ನಪ್ಪ ಹಾಲನ್ನು ತೆಂಗಿನ ಬುಡಕ್ಕೆ ಸುರಿದ, ನಾಯಿಗೆ ಹಾಕಿದ, ಹಸುವನ್ನು ಬಯ್ದ. ಕೊನೆಗೊಂದು ಸಂಜೆ ಸಾಲಿನಲ್ಲಿ ನಿಂತುಕೊಂಡು, ಯಾರನ್ನೂ ನೋಡದೆ, ಗಟ್ಟಿಯಾಗಿ, "ಮಧ್ಯಾಹ್ನ ಗುಡುಗು ಜೋರಾಗಿತ್ತು" ಅಂದ. ಅವತ್ತು ಡಿಗ್ರಿ ಬಂತು. ಸಾಲಿನಲ್ಲಿದ್ದವರೆಲ್ಲ ಕ್ಯಾನಿನ ಮುಚ್ಚಳ ನೋಡುತ್ತ ನಿಂತಿದ್ದರು. ಅಣ್ಣಮ್ಮನೂ ಅವರಲ್ಲೊಬ್ಬಳು, ಅವಳದೂ ಎರಡು ಹಸು ಇದ್ದವು.

ಆದರೂ ಅವಳಿಗೆ ಒಳಗೊಂದು ಧೈರ್ಯವಿತ್ತು. ಡೈರಿಯಲ್ಲಿ ಏನು ಬೇಕಾದರೂ ಅನ್ನಿಸಲಿ, ಹೆಣದ ಮುಂದೆ ತನ್ನನ್ನು ಯಾರು ತಡೆದಾರು? ಆ ಜಾಗವೊಂದು ತನ್ನದು ಅಂದುಕೊಂಡಿದ್ದಳು.

ಪಾರ್ವತಮ್ಮನ ಹಿರಿಮಗ ಬೋರೆಯಲ್ಲಿ ಸಿಡಿದ ಕಲ್ಲಿಗೆ ಸಿಕ್ಕಿ ಸತ್ತಾಗ ಆ ಜಾಗ ಎಷ್ಟರಮಟ್ಟಿಗೆ ತನ್ನದು ಅನ್ನುವುದೂ ಗೊತ್ತಾಗಿಹೋಯಿತು. ಪಾರ್ವತಮ್ಮ ಅಣ್ಣಮ್ಮನ ಓರಗೆಯವಳು, ಪಕ್ಕದ ಬೀದಿಯವಳು, ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಹೆಣದ ಜೊತೆಗೇ ಯಜಮಾನರ ಕಡೆಯಿಂದ ಶಾಮಿಯಾನ ಬಂತು, ಕುರ್ಚಿ ಬಂದವು, ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ ಬಂತು, ಜನರೇಟರು ಬಂತು. ಜೊತೆಗೆ ಒಂದು ಮೈಕು, ಎರಡು ದೊಡ್ಡ ಸ್ಪೀಕರು. "ಊರಿಗೆಲ್ಲ ಕೇಳ್ಬೇಕು ಅಂತ ಯಜಮಾನ್ರು ಕಳ್ಸವ್ರೆ" ಅಂದ ನರಸಯ್ಯ. ಆಮೇಲೆ ಅಣ್ಣಮ್ಮನನ್ನು ಕೊಟ್ಟಿಗೆಯ ಮಗ್ಗುಲಿಗೆ ಕರೆದ.

"ಅಣ್ಣಮ್ಮಕ್ಕ, ಎದೆನೋವು ಬಂದು ಓದ ಅಂದ್ಬುಡಿ. ಮಿಕ್ಕಿದ್ದು ನಿಮ್ಮಿಷ್ಟ, ಎಂಗ್ ಬೇಕೋ ಅಂಗೆ ಅಳಿ."

"ಎಣದ ಮುಂದೆ ಅಂಗನ್ನಕ್ಕಾಯ್ತದಾ ನರಸಯ್ಯ? ಕಟ್ಟುಪಾಡು ಅದೆ."

"ಸತ್ತೋನು ಸತ್ತ. ಏನಂದ್ರೂ ಎದ್ದು ಬಂದಾನಾ? ಅದಿರ್ಲಿ, ನಿಮ್ಮ ಕಿಶನ್ನು ಟಿಪ್ಪರ್ ಓಡಿಸ್ತೀನಿ ಅಂತ ಮೊನ್ನೆ ಬಂದಿದ್ದ. ಒಳ್ಳೆ ಉಡುಗ. ಯಜಮಾನ್ರೂ ಮನಸ್ಸು ಮಾಡವ್ರೆ."

ಎರಡು ಮಾತನ್ನೂ ಅವನು ಒಂದೇ ದನಿಯಲ್ಲಿ ಹೇಳಿದ. ಅಣ್ಣಮ್ಮ ಹೋಗಿ ಕೂತಳು. ಪಾರ್ವತಮ್ಮನ ಮಗ ಹುಟ್ಟಿದ್ದನ್ನು ಹೇಳಿದಳು, ಸ್ಕೂಲು ಬಿಟ್ಟಿದ್ದನ್ನು ಹೇಳಿದಳು, ತಂಗಿಯ ಮದುವೆಗೆ ಹಗಲು ರಾತ್ರಿ ದುಡಿದದ್ದನ್ನು ಹೇಳಿದಳು. ಎಲ್ಲ ನಿಜ. ಕೊನೆಗೆ, "ಎಳೇ ಎದೆಗೆ ನೋವು ಬಂತಲ್ಲೋ ನಮ್ಮಪ್ಪಾ" ಅಂದಳು. ನೆಲದ ಮೇಲೆ ಬಿದ್ದುಕೊಂಡಿದ್ದ ಪಾರ್ವತಮ್ಮ ತಲೆಯೆತ್ತಿ ಅವಳ ಮುಖ ನೋಡಿದಳು. ಸುತ್ತಲಿದ್ದ ಹೆಂಗಸರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಯಾರೋ ಒಬ್ಬಳು "ಬಂತಲ್ಲೋ" ಎಂದು ಸೊಲ್ಲು ಎತ್ತಿದಳು, ಎಲ್ಲರೂ ಎತ್ತಿದರು.

ಅಂದು ಅಣ್ಣಮ್ಮನಿಗೆ ಅನ್ನ ಸೇರಲಿಲ್ಲ. ಆದರೂ ಇನ್ನೊಂದು ಮಾತನ್ನು ಹೇಳಿಬಿಡಬೇಕು, ಮುಚ್ಚಿಟ್ಟರೆ ಅವಳಿಗೂ ಮೋಸ, ನಿಮಗೂ ಮೋಸ. ತನ್ನ ದನಿ ಮೈಕಿನಲ್ಲಿ ಚಿನಕುರಳಿಯವರೆಗೂ ಕೇಳಿಸಿತಂತೆ ಎಂದು ಯಾರೋ ಬಂದು ಹೇಳಿದಾಗ ಅವಳಿಗೆ ಒಳಗೊಳಗೇ ಹಿಗ್ಗಾಯಿತು. ಕಿಶನ್‌ಗೆ ಟಿಪ್ಪರ್ ಕೆಲಸ ಸಿಕ್ಕಿತು. ಅಲ್ಲಿಂದಾಚೆಗೆ ಬೋರೆಯಲ್ಲಿ ಯಾರೇ ಸತ್ತರೂ, ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತರೂ, ಅಣ್ಣಮ್ಮನ ಬಾಯಲ್ಲಿ ಎದೆನೋವೇ. ನರಸಯ್ಯ ಬಂದು ಹೇಳಿಕೊಡುವ ಅಗತ್ಯವೂ ಉಳಿಯಲಿಲ್ಲ. ಸಾಲು ಅಷ್ಟು ಚೆನ್ನಾಗಿ ಕೂತುಬಿಟ್ಟಿತ್ತು.

ಕಿಶನ್ ಹೆಚ್ಚು ಮಾತಿನವನಲ್ಲ. ಗಂಡ ಹೋದ ಮೇಲೆ ಅವಳು ಕೂಲಿನಾಲಿ ಮಾಡಿ ಸಾಕಿದ ಒಬ್ಬನೇ ಮಗ. ಕೆ.ಆರ್. ಪೇಟೆ ಕಡೆಯ, ಹೇಮಗಿರಿ ಪಕ್ಕದ ಹಳ್ಳಿಯ ರಂಜಿತಳನ್ನು ಮದುವೆಯಾಗಿದ್ದ; ಚೈತ್ರ ಅನ್ನುವ ಮಗಳಿದ್ದಳು. ಒಂದು ಭಾನುವಾರ ಜಗಲಿಯ ಮೇಲೆ ಅಂಗಾತ ಮಲಗಿಕೊಂಡು ಅವನು ಕೇಳಿದ.

"ಅವ್ವಾ, ನಾನ್ ಸತ್ರೆ ಏನಂತ ಯೇಳ್ಕಂಡು ಅಳ್ತೀಯ?"

"ಥೂ, ನಿನ್ ಬಾಯಿಗಿಷ್ಟು ಮಣ್ಣಾಕ! ಬಿಡ್ತು ಅನ್ಲಾ" ಎಂದು ಅವಳು ಕೈಲಿದ್ದ ಪೊರಕೆಯಲ್ಲಿ ಅವನ ಕಾಲಿಗೆ ಬಾರಿಸಿದಳು.

"ಬಿಡ್ತು ಬಿಡ್ತು. ಆದ್ರೂ ಯೇಳ್ತೀನಿ ಕೇಳು. ಪಾರ್ವತತ್ತೆ ಮಗಂಗೆ ಅಂದಂಗೆ ನಂಗನ್ಬ್ಯಾಡ. ಇದ್ದದ್ದು ಇದ್ದಂಗೆ ಯೇಳ್ಬುಡು. ಎದೆ ಗಟ್ಟಿಗದೆ ನಂದು."

ಅವನು ನಕ್ಕ. ಅವಳು ನಗಲಿಲ್ಲ. "ಆಯ್ತು ಕಣ್ಲಾ, ಯೇಳ್ತೀನಿ. ಈಗೆದ್ದು ಅಸಕ್ಕೆ ಉಲ್ಲಾಕು ಓಗು" ಅಂದಳು. ಹಾಗೆ ಮಾತು ಕೊಟ್ಟದ್ದಾಯಿತು.

ಅವನು ಹೋದ ಮಧ್ಯಾಹ್ನ ಅಣ್ಣಮ್ಮ ಮನೆ ಮುಂದೆ ಹುರುಳಿ ಬಡಿಯುತ್ತಿದ್ದಳು. ಬೋರೆಯ ಕಡೆ ದೊಡ್ಡದಾಗಿ ಸದ್ದಾಯಿತು. ಗುಡುಗು, ಅಂದುಕೊಂಡಳು, ಬಡಿಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಗಂಡನಿಗೆ ಮುದ್ದೆ ಸಾರು ಕೊಟ್ಟುಬರಲು ಹೋಗಿದ್ದ ರಂಜಿತ ಬರಿಗಾಲಿನಲ್ಲಿ ಓಡಿಬಂದಳು. ಕೈಯಲ್ಲಿ ಊಟದ ಡಬ್ಬಿ ಹಾಗೇ ಇತ್ತು.

"ಅತ್ತೆಮ್ಮಾ... ಬಂಡೆ ಉರುಳ್ಬುಡ್ತು. ಟಿಪ್ಪರ್ ಒಳಗೇ ಕುಂತಿದ್ರು. ನಾನು ಕಣ್ಣಾರ ಕಂಡೆ ಅತ್ತೆಮ್ಮಾ, ನನ್ನ ನೋಡಿ ಕೈಯೆತ್ತುದ್ರು, ಆಗ್ಲೇ..."

ಅಣ್ಣಮ್ಮ ಎದ್ದು ಓಡಲು ಹೋದಳು. ಊರ ಬಾಗಿಲಲ್ಲೇ ಯಜಮಾನರ ಕಡೆಯವರು ಇಬ್ಬರು ಅಡ್ಡ ನಿಂತು, "ಬ್ಯಾಡಿ ಅಕ್ಕ, ನಾವೇ ತತ್ತೀವಿ" ಎಂದು ಕೈ ಮುಗಿದರು. ಬೋರೆಗೆ ಹೋಗುವುದಕ್ಕೆ ಅವಳನ್ನು ಬಿಡಲೇ ಇಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮಗ ಬಂದ, ಪೆಟ್ಟಿಗೆಯಲ್ಲಿ, ಗಲ್ಲದವರೆಗೂ ಬಿಳಿ ಬಟ್ಟೆ ಸುತ್ತಿಸಿಕೊಂಡು, ಬಟ್ಟೆಯ ಮೇಲೆ ಸೇವಂತಿಗೆ ಹಾರ ಹೊದ್ದುಕೊಂಡು. ಮುಖ ತೊಳೆದಿದ್ದರು. ಗಾಜಿನ ಮುಚ್ಚಳಕ್ಕೆ ಬೀಗವಿತ್ತು. ಎದೆನೋವು ಎಂದು ಬರೆದ ಯಾವುದೋ ಡಾಕ್ಟರ ಚೀಟಿಯೂ ಜೊತೆಗೇ ಬಂದಿತ್ತು. ಶಾಮಿಯಾನ, ಕುರ್ಚಿ, ಜನರೇಟರು, ಮೈಕು.

ಅಣ್ಣಮ್ಮ ಮಗನ ತಲೆಯ ಬಳಿ ಕೂತಳು. ಪೆಟ್ಟಿಗೆ ತಣ್ಣಗೆ ಗುಂಯ್ ಅನ್ನುತ್ತಿತ್ತು. ಪಾರ್ವತಮ್ಮ ಎಲ್ಲರಿಗಿಂತ ಮೊದಲು ಬಂದು ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಮಗ ಸತ್ತಾಗಿನಿಂದ ಅವಳು ಅಣ್ಣಮ್ಮನ ಜೊತೆ ಮಾತು ಬಿಟ್ಟಿದ್ದಳು. ಈಗ ಕಿವಿಯ ಹತ್ತಿರ ಬಾಗಿ, "ಈಗ್ಲಾದ್ರೂ ಯೇಳ್ಬುಡೇ ಅಣ್ಣಮ್ಮ. ನಿಂದೂ ಯೇಳು, ನನ್ ಮಗಂದೂ ಸೇರ್ಸಿ ಯೇಳು. ಇನ್ನೇನದೆ ನಮ್ಗೆ, ಕಿತ್ಕಳಕೆ?" ಅಂದಳು. ಅಣ್ಣಮ್ಮ ಅವಳ ಕೈ ಒತ್ತಿದಳು. ಹೇಳುವವಳೇ ಇದ್ದಳು. ಬೆಟ್ಟದಂಥ ಮಗ ಹೋದ ಮೇಲೆ ಡೈರಿ ಏನು, ಹಾಲು ಏನು? ಸಾಲನ್ನೂ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದಳು: ಯಜಮಾನನ ಮದ್ದು ಸಿಡೀತಲ್ಲೋ, ಬಂಡೆ ನಿನ್ ಮ್ಯಾಲೆ ಬಿತ್ತಲ್ಲೋ. ಒಳಮನೆಯಲ್ಲಿ ರಂಜಿತಳನ್ನು ನಾಲ್ಕು ಹೆಂಗಸರು ಹಿಡಿದುಕೊಂಡಿದ್ದರು. ಅವಳು, "ಅತ್ತೆಮ್ಮಾ, ಯೇಳ್ರೀ" ಎಂದು ಕೂಗುತ್ತಿದ್ದಳು. ಹೇಳುವ ಹಕ್ಕು ಹೆತ್ತವಳದು. ಅಂಗಳದ ತುಂಬ ಜನ ನಿಂತಿದ್ದರು. ಹೊನ್ನಪ್ಪ ಕೋಲೂರಿಕೊಂಡು ಮುಂದಕ್ಕೇ ಬಂದು ನಿಂತಿದ್ದ. ಇವಳು ಒಂದು ಸಲ ಹೇಳಿಬಿಟ್ಟರೆ ಅದು ಊರಿನ ಸಾಕ್ಷಿ, ಯಜಮಾನರೂ ಅಳಿಸಲಾರರು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನರಸಯ್ಯ ಮೈಕು ತಂದು ಅವಳ ಮುಂದೆ ಸರಿಯಾಗಿ ಇಟ್ಟ. ಹೆದರಿಸಲಿಲ್ಲ, ಏನೂ ಹೇಳಿಕೊಡಲಿಲ್ಲ. "ಅಳಿ ಅಕ್ಕ" ಅಂದ, ಅಷ್ಟೇ.

ಅವಳು ಶುರು ಮಾಡಿದಳು. "ಸೋನೆ ಮಳೇಲಿ ಉಟ್ಟಿದ್ಯಲ್ಲೋ ನನ್ ಕಂದಾ, ಸೋರೋ ಮನೇಲಿ ನಾನೇ ನಿಂಗೆ ಸೂರಾಗಿದ್ನಲ್ಲೋ." ಹೆಂಗಸರು ಸೊಲ್ಲು ಎತ್ತಿದರು. "ಅಪ್ಪನ ಮೊಕ ಕಾಣ್ದಂಗೆ ಬೆಳ್ದ್ಯಲ್ಲೋ, ಅಂಗಿ ಅರ್ದ್ರೂ ಅವ್ವಂಗೆ ಯೇಳ್ಲಿಲ್ವಲ್ಲೋ." ದನಿ ಏರಿತು. ಇಷ್ಟು ಚೆನ್ನಾಗಿ ಅವಳು ಯಾವತ್ತೂ ಅತ್ತಿರಲಿಲ್ಲ. ಸ್ಪೀಕರಿನಿಂದ ಹೋದ ದನಿ ಬೋರೆಗೆ ಬಡಿದು ವಾಪಸು ಬರುತ್ತಿತ್ತು. ಮದುವೆ ಬಂತು, ಮಗಳು ಹುಟ್ಟಿದ್ದು ಬಂತು, ಟಿಪ್ಪರ್ ಬಂತು. ಇನ್ನುಳಿದದ್ದು ಸಾವು. ಪಾರ್ವತಮ್ಮನ ಹಿಡಿತ ಬಿಗಿಯಾಯಿತು. ಅಣ್ಣಮ್ಮ ಉಸಿರೆಳೆದುಕೊಂಡು, "ಕಲ್ಲು" ಅಂದಳು.

ಕಲ್ಲು ಅಂದದ್ದು ಎಲ್ಲರಿಗೂ ಕೇಳಿಸಿತು. ನರಸಯ್ಯನ ಮುಖ ಪೆಚ್ಚಾದದ್ದನ್ನೂ ಜನ ನೋಡಿದರು. ಮುಂದಿನ ಮಾತಿಗೆ ಅವಳು ತಡಕಿದಳು. ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಸಾಲು ಅಲ್ಲಿರಲಿಲ್ಲ. ಬಾಯಿ ತೆರೆದೇ ಇತ್ತು, ರಾಗ ನಿಲ್ಲುವಂತಿರಲಿಲ್ಲ, ಹೆಂಗಸರು ಸೊಲ್ಲಿಗಾಗಿ ಕಾಯುತ್ತಿದ್ದರು. ಅಷ್ಟು ಸಾವುಗಳಲ್ಲಿ ತಿದ್ದಿ ತೀಡಿ ನಾಲಿಗೆಯ ಮೇಲೆ ಕೂರಿಸಿಕೊಂಡಿದ್ದ ಸಾಲು ತಾನಾಗೇ ಎದ್ದು ಬಂತು.

"ಕಲ್ಲಿನಂಗಿದ್ದ ಎದೆಗೆ ನೋವು ಬಂತಲ್ಲೋ ನನ್ ಕಂದಾ!"

"ಬಂತಲ್ಲೋ" ಎಂದರು ಹೆಂಗಸರೆಲ್ಲ, ಅವಳು ತಿದ್ದಿಕೊಳ್ಳುವುದಕ್ಕೂ ಬಿಡುವು ಕೊಡದೆ. ಎರಡು ಸ್ಪೀಕರೂ ಅಂದವು. ಬೋರೆಯೂ ಒಂದು ಸಲ ಅಂದಿತು. ಪಾರ್ವತಮ್ಮ ಕೈ ಬಿಡಿಸಿಕೊಂಡಳು. ಒಳಗಿನಿಂದ ರಂಜಿತಳ ಕೂಗು ನಿಂತುಹೋಯಿತು. ಹೊನ್ನಪ್ಪ ಕೋಲೂರಿಕೊಂಡು ಮನೆಯ ಕಡೆ ಹೊರಟ. ಅಣ್ಣಮ್ಮ ಗಾಜಿನ ಮೇಲೆ ಹಣೆ ಬಡಿದುಕೊಂಡು ಅತ್ತಳು. ಆಗ ಅವಳು ಅತ್ತದ್ದರಲ್ಲಿ ಒಂದು ಮಾತೂ ಇರಲಿಲ್ಲ, ಬರೀ ಸದ್ದಿತ್ತು. ಅದಕ್ಕೆ ಯಾರೂ ಸೊಲ್ಲು ಕೊಡಲಿಲ್ಲ.

ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿ ಮುಗಿಸಿದರು.

ರಂಜಿತ ಸುಮ್ಮನೆ ಕೂರುವ ಹೆಣ್ಣಾಗಿರಲಿಲ್ಲ. ಯಾರ ಯಾರನ್ನೋ ಹಿಡಿದು ಮೇಲಿನವರಿಗೆ ದೂರು ಮುಟ್ಟಿಸಿದಳು. ಹಾಲು ತುಪ್ಪ ಬಿಟ್ಟ ಮೇಲೆ ಇಂದಿರ ಅನ್ನುವ ಅಧಿಕಾರಿಣಿ ಜೀಪಿನಲ್ಲಿ ಬಂದರು. ಕನ್ನಡಕದ, ತೆಳ್ಳನೆಯ, ಮೆಲುಮಾತಿನ ಹೆಣ್ಣುಮಗಳು. ಒಳ್ಳೆಯವರೇ. ನರಸಯ್ಯನನ್ನೂ ಊರವರನ್ನೂ ಬೀದಿಯಲ್ಲೇ ನಿಲ್ಲಿಸಿ, ಅತ್ತೆ ಸೊಸೆ ಇಬ್ಬರನ್ನೇ ಒಳಗೆ ಕೂರಿಸಿಕೊಂಡು ಬಾಗಿಲು ಹಾಕಿದರು.

ರಂಜಿತ ಕಂಡದ್ದನ್ನು ಕಂಡಂತೆ ಹೇಳಿದಳು. ಕೈಯೆತ್ತಿದ್ದು, ಬಂಡೆ ಉರುಳಿದ್ದು, ಎಲ್ಲ. ಇಂದಿರ ಕೇಳಿಸಿಕೊಂಡು ಅಣ್ಣಮ್ಮನ ಕಡೆ ತಿರುಗಿದರು.

"ಅಮ್ಮ, ಹೂತಿರೋ ದೇಹ ತೆಗೆಸಿ ಪರೀಕ್ಷೆ ಮಾಡಿಸಬೇಕು ಅಂದ್ರೆ ನೀವಿಬ್ರೂ ಒಂದೇ ಮಾತು ಹೇಳಬೇಕು. ಹೆಂಡ್ತಿ ಬಂಡೆ ಅಂತಾರೆ. ನೀವು ಹೆಣದ ಮುಂದೆ ಎದೆನೋವು ಅಂದ್ರಂತೆ, ಊರವರೆಲ್ಲ ಅದನ್ನೇ ಹೇಳ್ತಿದಾರೆ. ಹೆತ್ತತಾಯಿ ಹೇಳಿದ್ದು ಸುಳ್ಳಾಗುತ್ತಾ ಅಂತ ನನ್ನೇ ಕೇಳ್ತಾರೆ. ಇಲ್ಲಿ ಯಾರೂ ಇಲ್ಲ. ಏನಾಯ್ತು, ನೀವೇ ಹೇಳಿ."

ಅಣ್ಣಮ್ಮ ಸೊಸೆಯ ಮುಖ ನೋಡಿದಳು. ನಿಜ ಹೇಳಿದರೆ ಏನಾಗುತ್ತದೆಂದು ಅವಳು ನರಸಯ್ಯನ ಲೆಕ್ಕದಲ್ಲಿ ಯೋಚಿಸಲಿಲ್ಲ. ಅವಳನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಲೆಕ್ಕ. ಬಂಡೆ ಅಂದರೆ, ಮಗನ ಹೆಣದ ಮುಂದೆ ಕೂತು ತಾನು ಸುಳ್ಳು ಹೇಳಿದೆ ಅಂದಂತಾಯಿತು. ಹೆಣದ ಮುಂದೆ ಹೇಳಿದ್ದನ್ನು ಇಲ್ಲ ಅನ್ನುವಂತಿಲ್ಲ. ಪ್ರಮೀಳಾಳಿಗೆ ನ್ಯಾಯ ಕೊಡಿಸಿದ್ದು ಆ ಕಟ್ಟುಪಾಡೇ, ಜೀವಮಾನವೆಲ್ಲ ತನಗೆ ಬೆಲೆ ತಂದದ್ದೂ ಅದೇ. ಅದನ್ನು ಮುರಿದರೆ ತಾನು ಅಲ್ಲಿಯವರೆಗೆ ಅತ್ತದ್ದೆಲ್ಲ ಏನಾಯಿತು? ಪಾರ್ವತಮ್ಮನ ಮಗನಿಗೆ ಅತ್ತದ್ದು? ಅವನ ಆಮೇಲಿನವರಿಗೆ ಅತ್ತದ್ದು?

"ಅತ್ತೆಮ್ಮಾ, ನಿಮ್ ಕಾಲಿಗೆ ಬೀಳ್ತೀನಿ" ಅಂದಳು ರಂಜಿತ. ಬಿದ್ದೇಬಿಟ್ಟಳು.

"ಎಣದ ಮುಂದೆ ಯೇಳಾಗದೆ ಕಣವ್ವ" ಎಂದಳು ಅಣ್ಣಮ್ಮ ಅಧಿಕಾರಿಣಿಗೆ. "ಇನ್ನೇನು ಯೇಳ್ಲಿ? ಎದೆನೋವು."

ಇಂದಿರ ಅದನ್ನು ಬರೆದುಕೊಂಡರು. ಆಮೇಲೆ ಎದ್ದು, ರಂಜಿತಳ ಭುಜ ಮುಟ್ಟಿ, ಹೊರಗೆ ಬಂದು ಜೀಪು ಹತ್ತಿದರು.

ಆ ವಾರದಲ್ಲೇ ಊರು ರಂಜಿತಳಿಗೂ ಒಂದು ಮಾತು ಹುಡುಕಿಕೊಂಡಿತು. "ಪಾಪ, ಗಂಡ ಓದ್ಮೇಲೆ ತಲೆ ಕೆಟ್ಟೋಗದೆ." ಟೀ ಅಂಗಡಿಯಲ್ಲಿ ಅಂದರು, ಡೈರಿಯಲ್ಲಿ ಅಂದರು. ಹೊನ್ನಪ್ಪನೂ ಅಂದ. ಅವಳು ಮಗಳನ್ನು ಎತ್ತಿಕೊಂಡು ಹೇಮಗಿರಿ ಕಡೆಯ ತವರಿಗೆ ಹೊರಟುಹೋದಳು. ಅಣ್ಣಮ್ಮನ ಹಾಲಿಗೆ ಆಮೇಲೆ ಯಾವತ್ತೂ ಡಿಗ್ರಿ ಕಡಿಮೆಯಾಗಲಿಲ್ಲ. ಕ್ಯಾನು ತಂದರೆ ಸಾಲಿನಲ್ಲಿದ್ದವರು ದಾರಿ ಬಿಡುತ್ತಿದ್ದರು.

ಮನೆಯಲ್ಲಿ ಅವಳು ಒಬ್ಬಳೇ ಕೂತು ಎಷ್ಟೋ ಸಲ ಪ್ರಯತ್ನಪಟ್ಟಳು. ಬಾಗಿಲು ಹಾಕಿಕೊಂಡು, ಕಿಶನ್‌ನ ಫೋಟೋದ ಮುಂದೆ, ಮೆಲ್ಲಗೆ, ಅವನಿಗೊಬ್ಬನಿಗೇ ಕೇಳುವಂತೆ ಇದ್ದದ್ದು ಇದ್ದಂತೆ ಹೇಳಿಬಿಡೋಣವೆಂದು. ಬಂಡೆ ಅನ್ನುವವರೆಗೆ ಬರುತ್ತಿತ್ತು. ಅಲ್ಲಿಂದ ಮುಂದಕ್ಕೆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅವಳು ಬೋರೆಗೆ ಹೋದವಳೇ ಅಲ್ಲವಲ್ಲ. ಎದೆನೋವು ಅಂದುಕೊಂಡರೆ ಮಾತ್ರ ಎಲ್ಲ ಸರಾಗವಾಗಿ ಬರುತ್ತಿತ್ತು. ದಿನ ಕಳೆದಂತೆ ಬಾಗಿಲು ಹಾಕಿಕೊಳ್ಳುವುದನ್ನು ಬಿಟ್ಟಳು.

ವರ್ಷದ ತಿಥಿಗೆ ರಂಜಿತ ಬರಲಿಲ್ಲ. ತನ್ನ ಅಣ್ಣನ ಜೊತೆ ಚೈತ್ರಳನ್ನು ಕಳಿಸಿಕೊಟ್ಟಳು. ಎಡೆ ಇಟ್ಟು ಊಟವಾದ ಮೇಲೆ ಅಜ್ಜಿ ಮೊಮ್ಮಗಳು ಜಗಲಿಯ ಮೇಲೆ ಕೂತಿದ್ದರು. ಅಣ್ಣಮ್ಮ ಮಗುವಿನ ತಲೆ ಬಾಚುತ್ತಿದ್ದಳು. ಬೋರೆಯ ಕಡೆ ಸದ್ದಾಯಿತು, ಜಗಲಿ ಅದುರಿತು, ಮಗು ಬೆಚ್ಚಿಬಿದ್ದು ಅಜ್ಜಿಯ ಮಡಿಲಿಗೆ ಮುಖ ಹುದುಗಿಸಿಕೊಂಡಿತು. ಅಮ್ಮನ ಊರಿನಲ್ಲಿ ಅಂಥ ಸದ್ದಿಲ್ಲ.

"ಗುಡುಗು ಕಣವ್ವ, ಎದ್ರಿಕಬ್ಯಾಡ" ಎಂದಳು ಅಣ್ಣಮ್ಮ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

ಮಗು ಮಡಿಲಿನಿಂದ ಮುಖ ಎತ್ತಿ ಆಕಾಶ ನೋಡಿತು. ಆಮೇಲೆ ಕೇಳಿತು. "ಅಜ್ಜಿ, ಅಪ್ಪ ಎಂಗ್ ಸತ್ತೋಯ್ತು?"

"ಎದೆನೋವು ಬಂತು ಕಂದ."

"ಅಮ್ಮ ಬಂಡೆ ಬಿತ್ತು ಅಂತಾಳೆ. ಅಮ್ಮ ನೋಡುದ್ಲಂತೆ."

"ನಿಮ್ಮಮ್ಮಂಗೆ ತಲೆ ಸರಿಯಿಲ್ಲ ಕಣವ್ವ, ಪಾಪ" ಎಂದಳು ಅಣ್ಣಮ್ಮ. ನಿಜವಾದ ಮರುಕದಿಂದಲೇ ಅಂದಳು. ಜಡೆಯ ಮೂರು ಕಾಲನ್ನೂ ಬಿಗಿಯಾಗಿ ಹೆಣೆಯುತ್ತ ಮುಂದುವರಿಸಿದಳು. "ಊಟ ಮಾಡ್ತಾ ಕುಂತಿದ್ದ ನಿಮ್ಮಪ್ಪ. ತುತ್ತು ಕೈಲೇ ಇತ್ತು. ಅವ್ವಾ ಅಂತ ಎದೆ ಇಡ್ಕಂಡ. ಬೆವರು ಅಂದ್ರೆ ಬೆವರು. ನೀರು ಕೇಳ್ದ, ಕೊಟ್ಟೆ. ನನ್ ತೊಡೆ ಮ್ಯಾಲೇ ತಲೆ ಇಟ್ಟ."

ಮಗು ತಿರುಗಿ ಅಜ್ಜಿಯ ಮುಖ ನೋಡಿತು.

"ನೀನು ಅಲ್ಲೇ ಇದ್ಯಾ ಅಜ್ಜಿ?"

"ಇದ್ನಲ್ಲ ಕಣವ್ವ" ಎಂದಳು ಅಣ್ಣಮ್ಮ. "ಪಕ್ಕದಲ್ಲೇ ಇದ್ದೆ."